ಎಲೆಕ್ಟ್ರಿಕಲ್ ಗುತ್ತಿಗೆದಾರರ ವಿಮೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ವೈರಿಂಗ್ ಮತ್ತು ಪ್ಯಾನೆಲ್ ಕೆಲಸದ ಗುತ್ತಿಗೆದಾರರಿಂದ ಬಂದವು, ಎಲ್ಲವೂ ವಿಮೆಗೆ ಸಂಬಂಧಿಸಿದವು. ಪಾಲಿಸಿಯ ಷರತ್ತುಗಳು ಕಂಪನಿಯಿಂದ ಕಂಪನಿಗೆ, ದೇಶದಿಂದ ದೇಶಕ್ಕೆ ಬದಲಾಗುತ್ತವೆ. ನಮ್ಮ ಉತ್ತರಕ್ಕೂ ನಿಮ್ಮ ಪಾಲಿಸಿಯ ಒಕ್ಕಣೆಗೂ ತಾಳೆಯಾಗದಿದ್ದರೆ ಪಾಲಿಸಿಯ ಮಾತೇ ಅಂತಿಮ. ಈ ಪುಟ ಓದುವಾಗ ಅದನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ಪ್ರಶ್ನೆ: ಮನೆ, ಅಂಗಡಿಗಳ ವೈರಿಂಗ್ ಗುತ್ತಿಗೆ ಮಾಡುತ್ತೇನೆ. ಇಬ್ಬರು ಹುಡುಗರು ಜೊತೆಗಿದ್ದಾರೆ. ಏಜೆಂಟರು ಐದಾರು ಬಗೆಯ ಪಾಲಿಸಿ ಮುಂದಿಟ್ಟಿದ್ದಾರೆ. ಎಲ್ಲವನ್ನೂ ಕೊಳ್ಳುವಷ್ಟು ಹಣವಿಲ್ಲ. ಯಾವುದು ಮೊದಲು?

ಯಾವ ನಷ್ಟ ನಿಮ್ಮನ್ನು ಬೀದಿಗೆ ತರಬಲ್ಲದೋ ಅದಕ್ಕೆ ಮೊದಲು. ಡ್ರಿಲ್ಲಿಂಗ್ ಮಷೀನ್ ಕಳುವಾದರೆ ಒಂದು ತಿಂಗಳು ಕೈ ಬಿಗಿಯಾಗುತ್ತದೆ. ನೀವು ಕೂರಿಸಿದ ಡಿಬಿಯಿಂದ (ಬ್ರೇಕರ್‌ಗಳಿರುವ ವಿದ್ಯುತ್ ಹಂಚಿಕೆ ಪೆಟ್ಟಿಗೆ) ಬೆಂಕಿ ಹೊತ್ತಿ ಒಂದು ಮಹಡಿ ಸುಟ್ಟರೆ ಜೀವಮಾನದ ದುಡಿಮೆ ಸಾಲದು. ಹಾಗಾಗಿ ಮೊದಲ ಹಣ ಸಾರ್ವಜನಿಕ ಹೊಣೆಗಾರಿಕೆ ವಿಮೆಗೆ ಹೋಗಲಿ. ನಿಮ್ಮ ಕೆಲಸದಿಂದ ಬೇರೆಯವರ ಜೀವಕ್ಕೆ, ಆಸ್ತಿಗೆ ಆದ ಹಾನಿಗೆ ಇದು ನಿಲ್ಲುತ್ತದೆ. ಆದರೆ ಕೆಲಸ ನಡೆಯುವಾಗಿನ ಅಪಘಾತಕ್ಕಷ್ಟೇ ಅಲ್ಲ, ಒಪ್ಪಿಸಿ ಬಂದ ಮೇಲೆ ಆಗುವ ಹಾನಿಗೂ ರಕ್ಷಣೆ ಇದೆಯೇ ಎಂದು ಕೇಳಿ, ಬರಹದಲ್ಲಿ ಪಡೆಯಿರಿ. ನಮ್ಮ ಕಸುಬಿನ ದೊಡ್ಡ ಅಪಾಯ ಗೋಡೆಯೊಳಗೆ, ಕವರ್ ಮುಚ್ಚಿದ ಬಾಕ್ಸಿನೊಳಗೆ ಉಳಿದುಕೊಳ್ಳುತ್ತದೆ. ಅದು ಹೊರಬರುವ ಹೊತ್ತಿಗೆ ನಾವು ಆ ಜಾಗದಲ್ಲಿ ಇರುವುದಿಲ್ಲ.

ಎರಡನೆಯದು ಆ ಇಬ್ಬರು ಹುಡುಗರ ಗಾಯ, ಸಾವಿನ ಪರಿಹಾರಕ್ಕೆ ನೌಕರರ ವಿಮೆ. ಬಹಳ ಕಡೆ ಕಾನೂನೇ ಇದನ್ನು ಕಡ್ಡಾಯ ಮಾಡಿದೆ. ಅಲ್ಲೆಲ್ಲ ಇದಕ್ಕೆ ಮೊದಲ ಸ್ಥಾನ. ಮೂರನೆಯದು ನಿಮ್ಮ ಸ್ವಂತ ಅಪಘಾತ ವಿಮೆ. ಮಾಲೀಕ ತಾನೇ ಏಣಿಯಿಂದ ಬಿದ್ದರೆ ಮೇಲಿನ ಎರಡು ಪಾಲಿಸಿಗಳಿಂದಲೂ ಸಾಮಾನ್ಯವಾಗಿ ಏನೂ ಬರುವುದಿಲ್ಲ ಎಂಬುದು ಅನೇಕರಿಗೆ ಆಸ್ಪತ್ರೆ ಸೇರಿದ ಮೇಲೆಯೇ ತಿಳಿಯುತ್ತದೆ. ಉಪಕರಣಗಳ ವಿಮೆ ಕೊನೆಗಿರಲಿ.

ಪ್ರೀಮಿಯಂ ಭಾರವಾದರೆ ವಿಮಾ ಮೊತ್ತ ಇಳಿಸಬೇಡಿ, ಎಕ್ಸೆಸ್ ಏರಿಸಿ. ಎಕ್ಸೆಸ್ ಎಂದರೆ ಪ್ರತಿ ಕ್ಲೇಮಿನಲ್ಲಿ ಮೊದಲು ನಿಮ್ಮ ಕೈಯಿಂದ ಹೋಗುವ ಪಾಲು. ಸಣ್ಣದನ್ನು ನೀವು ಹೊತ್ತು ದೊಡ್ಡದನ್ನು ಕಂಪನಿಯ ತಲೆಗೆ ಕಟ್ಟಿ.

ಪ್ರಶ್ನೆ: ನಾವು ಕೆಲಸ ಮಾಡಿದ ಕಟ್ಟಡದ ಮೂರು ಫೇಸ್ ಪ್ಯಾನೆಲ್‌ನಲ್ಲಿ ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಲೂಸಾಗಿ ಟಿವಿ, ಫ್ರಿಜ್‌ಗಳು ಸುಟ್ಟವು. ವಿಮಾ ಕಂಪನಿ ಅವುಗಳ ಹಣ ಕೊಡಲು ಒಪ್ಪಿತು. ಪ್ಯಾನೆಲ್ ಬಿಚ್ಚಿ ಸರಿಪಡಿಸಿದ ಬಿಲ್ ಮಾತ್ರ ವಾಪಸ್ ಕಳಿಸಿತು. ಇದು ನ್ಯಾಯವೇ?

ಬೇಸರವಾದರೂ ಪಾಲಿಸಿಯ ಪ್ರಕಾರ ಸರಿ. ಹೊಣೆಗಾರಿಕೆ ವಿಮೆ ಕೊಡುವುದು ತಪ್ಪು ಕೆಲಸದಿಂದ ಬೇರೆ ವಸ್ತುಗಳಿಗೆ ಆದ ಹಾನಿಗೆ. ತಪ್ಪು ಕೆಲಸವನ್ನೇ ಮತ್ತೆ ಮಾಡುವ ಖರ್ಚು ಗುತ್ತಿಗೆದಾರನದು. ಅದನ್ನೂ ವಿಮೆಯೇ ಕೊಟ್ಟರೆ ಕೆಟ್ಟ ಕೆಲಸಕ್ಕೂ ಒಳ್ಳೆಯ ಕೆಲಸಕ್ಕೂ ವ್ಯತ್ಯಾಸವೇ ಇರದು.

ನ್ಯೂಟ್ರಲ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಒಂದೇ ಸ್ಕ್ರೂನಿಂದ ಇಡೀ ಕಟ್ಟಡದ ಕ್ಲೇಮು ಬರುವುದು ಇಲ್ಲಿಯೇ. 230/400 ವೋಲ್ಟ್ ವ್ಯವಸ್ಥೆಯಲ್ಲಿ ಮುಖ್ಯ ನ್ಯೂಟ್ರಲ್ ಬಿಟ್ಟುಹೋಯಿತು ಎನ್ನಿ. ಒಂದು ಫೇಸಿನಲ್ಲಿ 1 ಕಿಲೋವ್ಯಾಟ್, ಇನ್ನೊಂದರಲ್ಲಿ 4 ಕಿಲೋವ್ಯಾಟ್ ಲೋಡಿದೆ, ಮೂರನೆಯದು ಖಾಲಿ. ಈಗ ಎರಡೂ ಲೋಡುಗಳು 400 ವೋಲ್ಟಿಗೆ ಸರಣಿಯಲ್ಲಿ ಸಿಕ್ಕಿಕೊಳ್ಳುತ್ತವೆ. 1 ಕಿಲೋವ್ಯಾಟ್ ಲೋಡಿನ ರೋಧ ಸುಮಾರು 53 ಓಮ್, 4 ಕಿಲೋವ್ಯಾಟಿನದು ಸುಮಾರು 13 ಓಮ್. ಹಾಗಾಗಿ ಕಡಿಮೆ ಲೋಡಿನ ಕಡೆಗೆ 320 ವೋಲ್ಟ್, ಹೆಚ್ಚು ಲೋಡಿನ ಕಡೆಗೆ ಬರೀ 80 ವೋಲ್ಟ್. ಟಿವಿ, ರೂಟರ್‌ಗಳಂಥ ಸಣ್ಣ ಲೋಡಿರುವ ಮನೆಯೇ ಮೊದಲು ಸುಡುವುದು ಇದಕ್ಕೇ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಕಡಿಯುವ ಬ್ರೇಕರ್) ಟ್ರಿಪ್ ಆಗುವುದಿಲ್ಲ, ಏಕೆಂದರೆ ಅದು ನೋಡುವುದು ಕರೆಂಟನ್ನು, ವೋಲ್ಟೇಜನ್ನಲ್ಲ.

ತಡೆಯುವ ದಾರಿ ಸರಳ, ಆದರೆ ದಾಖಲೆಯಲ್ಲಿ ಇರಬೇಕು. ಬಹುಎಳೆ ತಂತಿಯ ತುದಿಗೆ ಒತ್ತಿ ಕೂರಿಸುವ ಲೋಹದ ಫೆರೂಲ್ ಅಥವಾ ಲಗ್ ಹಾಕಿ. ತಯಾರಕರು ಹೇಳಿದ ನ್ಯೂಟನ್‌ಮೀಟರ್ ಲೆಕ್ಕಕ್ಕೆ ಟಾರ್ಕ್ ಸ್ಕ್ರೂಡ್ರೈವರಿನಿಂದಲೇ ಬಿಗಿ ಮಾಡಿ, ಕೈ ಅಂದಾಜು ಬೇಡ. ಅಲ್ಯೂಮಿನಿಯಂ ಕೇಬಲ್ ಒತ್ತಡಕ್ಕೆ ನಿಧಾನವಾಗಿ ಆಕಾರ ಬದಲಿಸಿ ಸಡಿಲವಾಗುತ್ತದೆ, ಮೇಲೆ ಆಕ್ಸೈಡ್ ಪೊರೆ ಬೇರೆ ಕಟ್ಟುತ್ತದೆ. ಅದಕ್ಕೆ ಬೈಮೆಟಲ್ ಲಗ್ ಮತ್ತು ಜಾಯಿಂಟ್ ಪೇಸ್ಟ್ ಬೇಕೇ ಬೇಕು. ಬಿಗಿ ಮಾಡಿದ ಅಂಕಿ, ದಿನಾಂಕ, ಮಾಡಿದವರ ಸಹಿ ಶೀಟಿನಲ್ಲಿರಲಿ.

ಇನ್ನೊಂದು ಮಾತು. ಮಾಲೀಕರ ಹಳೆಯ ಪ್ಯಾನೆಲ್ಲಿನಲ್ಲಿ ಕೆಲಸ ಮಾಡುವಾಗ ಆ ಪ್ಯಾನೆಲ್ಲೇ ಸುಟ್ಟರೆ? ‘ನಿಮ್ಮ ವಶ ಮತ್ತು ಸುಪರ್ದಿಯಲ್ಲಿರುವ ಆಸ್ತಿ’ಯನ್ನು ಅನೇಕ ಪಾಲಿಸಿಗಳು ಹೊರಗಿಡುತ್ತವೆ. ‘ಕೆಲಸ ನಡೆಯುತ್ತಿರುವ ಆಸ್ತಿ’ಗೆ ಪ್ರತ್ಯೇಕ ಸೇರ್ಪಡೆ ಕೇಳಿ. ಸರ್ವಿಸ್ ಕೆಲಸವೇ ಹೆಚ್ಚಿರುವವರಿಗೆ ಇದಿಲ್ಲದ ಪಾಲಿಸಿ ಅರ್ಧ ಪಾಲಿಸಿ.

ಪ್ರಶ್ನೆ: 2021ರಲ್ಲಿ ಮುಗಿಸಿದ ಕೆಲಸದ ಜಾಗದಲ್ಲಿ 2023ರಲ್ಲಿ ಬೆಂಕಿ ಬಿದ್ದು, 2024ರಲ್ಲಿ ನನಗೆ ನೋಟಿಸ್ ಬಂದಿದೆ. ಮಧ್ಯದಲ್ಲಿ ಕಂಪನಿ ಬದಲಿಸಿದ್ದೇನೆ. ಯಾವ ಪಾಲಿಸಿ ಹೊಣೆ?

ಪಾಲಿಸಿ ‘ಘಟನೆ ಆಧಾರಿತ’ವೋ ‘ಕ್ಲೇಮು ಆಧಾರಿತ’ವೋ ನೋಡಿ.

ಘಟನೆ ಆಧಾರಿತವಾದರೆ ಹಾನಿ ಆದ ದಿನ ಚಾಲ್ತಿಯಲ್ಲಿದ್ದ ಪಾಲಿಸಿ, ಅಂದರೆ 2023ರದ್ದು. ಕೆಲಸ ಮಾಡಿದ ವರ್ಷದ್ದಲ್ಲ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ‘ಆ ಕೆಲಸ ಮಾಡುವಾಗ ವಿಮೆ ಇತ್ತು’ ಎಂಬ ಧೈರ್ಯದಲ್ಲಿ ಆಮೇಲೆ ನವೀಕರಣ ಬಿಡುತ್ತಾರೆ. ಬೆಂಕಿ ಬಿದ್ದ ದಿನ ಪಾಲಿಸಿ ಇಲ್ಲದಿದ್ದರೆ ಹಳೆಯ ಪಾಲಿಸಿ ಕೈ ಹಿಡಿಯುವುದಿಲ್ಲ.

ಕ್ಲೇಮು ಆಧಾರಿತವಾದರೆ ನಿಮ್ಮ ಮೇಲೆ ಬೇಡಿಕೆ ಬಂದ ದಿನದ, ಅಂದರೆ 2024ರ ಪಾಲಿಸಿ. ಆದರೆ ಅದರಲ್ಲಿ ‘ಪೂರ್ವಾನ್ವಯ ದಿನಾಂಕ’ ಎಂದೊಂದು ಇರುತ್ತದೆ. ಅದಕ್ಕೂ ಹಿಂದಿನದಕ್ಕೆ ರಕ್ಷಣೆ ಇಲ್ಲ. ಕಂಪನಿ ಬದಲಿಸುವಾಗ ಹೊಸಬರು ಈ ದಿನಾಂಕವನ್ನು ಹೊಸ ಪಾಲಿಸಿಯ ಮೊದಲ ದಿನಕ್ಕೇ ಇಟ್ಟರೆ ಹಳೆಯ ಕೆಲಸವೆಲ್ಲ ಬಯಲಿಗೆ ಬೀಳುತ್ತದೆ. ಹಳೆಯ ದಿನಾಂಕವನ್ನೇ ಮುಂದುವರಿಸಲು ಹೇಳಿ. ಪ್ರೀಮಿಯಂ ತುಸು ಹೆಚ್ಚಾದರೂ ಒಪ್ಪಿಕೊಳ್ಳಿ. ಮತ್ತೊಂದು ಅಪಾಯವೂ ಇದೆ. 2023ರ ಬೆಂಕಿಯ ಸುದ್ದಿ ಆಗಲೇ ಗೊತ್ತಿದ್ದು ಹೊಸ ಕಂಪನಿಗೆ ಹೇಳದೆ ಪಾಲಿಸಿ ಪಡೆದಿದ್ದರೆ ‘ತಿಳಿದಿದ್ದ ಸಂಗತಿ ಮುಚ್ಚಿಟ್ಟಿರಿ’ ಎಂದು ಕ್ಲೇಮು ತಿರಸ್ಕರಿಸಬಹುದು. ಬೇಡಿಕೆ ಬರದಿದ್ದರೂ ಬರಬಹುದಾದ ಸಂಗತಿಯನ್ನು ಆಗಿನ ಕಂಪನಿಗೆ ಬರೆದು ತಿಳಿಸುವುದೇ ಇದಕ್ಕೆ ಮದ್ದು.

ವ್ಯವಹಾರ ಮುಚ್ಚುವವರು ‘ರನ್ ಆಫ್’ (ಮುಚ್ಚಿದ ಮೇಲೂ ಹಳೆಯ ಕೆಲಸಕ್ಕೆ ಮುಂದುವರಿಯುವ) ರಕ್ಷಣೆ ಕೇಳಬೇಕು. ಅಂಗಡಿ ಮುಚ್ಚಬಹುದು, ಹಾಕಿದ ವೈರು ಗೋಡೆಯೊಳಗೇ ಇರುತ್ತದೆ.

ಪ್ರಶ್ನೆ: ಕೆಲಸ ಹೆಚ್ಚಿದಾಗ ಹೊರಗಿನವರಿಂದ ಮಾಡಿಸುತ್ತೇನೆ. ಅವರು ನನ್ನ ನೌಕರರಲ್ಲ. ಅವರ ತಪ್ಪಿಗೆ ನನ್ನ ವಿಮೆ ಬೇಕೇ?

ಅವರು ಯಾರು ಎಂಬುದನ್ನು ಎರಡಾಗಿ ನೋಡಿ. ನಿಮ್ಮ ಸಾಮಾನು, ನಿಮ್ಮ ಉಪಕರಣ, ನಿಮ್ಮ ಮೇಲ್ವಿಚಾರಣೆ, ಅವರದು ಬರೀ ದುಡಿಮೆ ಎಂದಾದರೆ ವಿಮಾ ಕಂಪನಿಗಳು ಅವರನ್ನು ಸಾಮಾನ್ಯವಾಗಿ ನಿಮ್ಮ ನೌಕರರಂತೆಯೇ ಎಣಿಸುತ್ತವೆ. ಪ್ರೀಮಿಯಂ ಲೆಕ್ಕಕ್ಕೆ ಕೊಡುವ ಕೂಲಿ ಪಟ್ಟಿಯಲ್ಲಿ ಅವರಿಗೆ ಕೊಟ್ಟ ಹಣವೂ ಇರಬೇಕು. ಬಿಟ್ಟರೆ ವರ್ಷದ ಕೊನೆಯ ಆಡಿಟ್‌ನಲ್ಲಿ ಹೆಚ್ಚುವರಿ ಪ್ರೀಮಿಯಂ ಬರುತ್ತದೆ. ಆಡಿಟ್‌ಗೆ ಮುನ್ನವೇ ಅಪಘಾತವಾದರೆ ಅದಕ್ಕಿಂತ ಕಷ್ಟ.

ಸ್ವಂತ ಸಾಮಾನು, ಸ್ವಂತ ತಂಡ, ಸ್ವಂತ ವಿಮೆ ಇರುವವರು ನಿಜವಾದ ಸಬ್ ಕಾಂಟ್ರಾಕ್ಟರ್‌ಗಳು. ಅವರಿಂದ ಕೆಲಸ ಶುರುವಾಗುವ ಮುನ್ನವೇ ವಿಮಾ ಪ್ರಮಾಣಪತ್ರ ತೆಗೆದುಕೊಂಡು ನಾಲ್ಕು ವಿಷಯ ನೋಡಿ: ಅವಧಿ ನಿಮ್ಮ ಕೆಲಸ ಮುಗಿಯುವವರೆಗೂ ಇದೆಯೇ, ಮೊತ್ತ ನಿಮ್ಮದಕ್ಕಿಂತ ಕಡಿಮೆಯೇ, ‘ವ್ಯವಹಾರದ ವಿವರ’ದಲ್ಲಿ ಎಲೆಕ್ಟ್ರಿಕಲ್ ಕೆಲಸ ಎಂದಿದೆಯೇ ಅಥವಾ ಪೇಂಟಿಂಗ್ ಎಂದಿದೆಯೇ, ಹೆಸರು ಬಿಲ್ ಕೊಡುವವರದ್ದೇ ಹೌದೇ. ಮಾಲೀಕರು ಮೊದಲು ಹಿಡಿಯುವುದು ನಿಮ್ಮನ್ನೇ. ನೀವು ಅಥವಾ ನಿಮ್ಮ ವಿಮಾ ಕಂಪನಿ ಆಮೇಲೆ ಅವರಿಂದ ವಸೂಲು ಮಾಡಬೇಕೆಂದರೆ ಅವರ ಬಳಿ ವಿಮೆ ಇರಲೇಬೇಕು. ಪ್ರಮಾಣಪತ್ರ ಇಲ್ಲದಿದ್ದರೆ ಕೆಲಸ ಕೊಡಬೇಡಿ.

ಪ್ರಶ್ನೆ: ಸೈಟಿನಲ್ಲಿ ಇಟ್ಟಿದ್ದ ತಾಮ್ರದ ಕೇಬಲ್ ಡ್ರಮ್‌ಗಳಲ್ಲಿ ಉದ್ದ ಕಡಿಮೆಯಾಗಿತ್ತು. ಸ್ಟಾಕ್ ಎಣಿಸಿದಾಗ ಗೊತ್ತಾಯಿತು. ‘ಎರೆಕ್ಷನ್ ಆಲ್ ರಿಸ್ಕ್’ (ಯಂತ್ರ, ಸಾಮಾನು ಕೂರಿಸುವ ಅವಧಿಯ) ಪಾಲಿಸಿ ಇದ್ದರೂ ಕ್ಲೇಮು ಸಿಗಲಿಲ್ಲ. ಎಲ್ಲ ಅಪಾಯಕ್ಕೂ ವಿಮೆ ಎಂದರೆ ಇದೇನಾ?

‘ಆಲ್ ರಿಸ್ಕ್’ ಎಂಬ ಹೆಸರು ನಂಬಿ ಕೂರಬಾರದು. ಈ ಬಗೆಯ ಪಾಲಿಸಿಗಳ ಪ್ರಚಲಿತ ಒಕ್ಕಣೆಯಲ್ಲಿ ‘ದಾಸ್ತಾನು ಎಣಿಸುವಾಗ ಮಾತ್ರ ಕಂಡುಬಂದ ನಷ್ಟ’ ಎಂಬ ಹೊರಗಿಡುವಿಕೆ ನೇರವಾಗಿ ಇದೆ. ಯಾವಾಗ, ಹೇಗೆ ಹೋಯಿತು ಎಂದು ತೋರಿಸಲಾಗದ ನಷ್ಟಕ್ಕೆ ಅವರು ಕೊಡುವುದಿಲ್ಲ. ಕತ್ತರಿಸಿದ ಬೀಗ, ಮುರಿದ ಬಾಗಿಲು, ಆ ದಿನವೇ ಕೊಟ್ಟ ಪೊಲೀಸ್ ದೂರು ಇದ್ದರೆ ಮಾತು ಬೇರೆ.

ಕೇಬಲ್ಲಿಗೆ ಒಂದು ರಿಜಿಸ್ಟರ್ ಇಡಿ. ಡ್ರಮ್ ಸಂಖ್ಯೆ, ಸೈಜು, ಬಂದ ಉದ್ದ, ಪ್ರತಿದಿನ ಕತ್ತರಿಸಿದ ಉದ್ದ, ಉಳಿಕೆ. ಕೇಬಲ್ ಮೇಲೆ ಪ್ರತಿ ಮೀಟರಿಗೆ ಅಚ್ಚಾದ ಉದ್ದದ ಗುರುತು ಇರುತ್ತದೆ. ದಿನದ ಕೊನೆಗೆ ಆ ಅಂಕಿಯ ಫೋಟೋ ತೆಗೆದರೆ ಸಾಕು. ನಷ್ಟ ಯಾವ ರಾತ್ರಿ ಆಯಿತೆಂದು ತೋರಿಸಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಅದೇ ಪಾಲಿಸಿಯಲ್ಲಿ ಇನ್ನೆರಡು ಕಡೆ ಕಣ್ಣಿಡಿ. ಪರೀಕ್ಷಾ ಚಾಲನೆ ಶುರುವಾದ ದಿನದಿಂದ ರಕ್ಷಣೆ ಸಾಮಾನ್ಯವಾಗಿ ನಾಲ್ಕು ವಾರ ಮಾತ್ರ. ಚಾರ್ಜಿಂಗ್, ಕಮಿಷನಿಂಗ್ ಎಳೆದಾಡಿದರೆ ಮೊದಲೇ ವಿಸ್ತರಿಸಿಕೊಳ್ಳಬೇಕು. ಬಳಸಿದ, ಹಳೆಯ ಜನರೇಟರ್ ಅಥವಾ ಟ್ರಾನ್ಸ್‌ಫಾರ್ಮರ್ ಕೂರಿಸುತ್ತಿದ್ದರೆ ಪರೀಕ್ಷೆ ಶುರುವಾದ ಕ್ಷಣವೇ ಅದರ ಮೇಲಿನ ರಕ್ಷಣೆ ನಿಲ್ಲುತ್ತದೆ. ಕೆಡುವ ಸಾಧ್ಯತೆ ಹೆಚ್ಚಿರುವ ಹೊತ್ತೇ ಅದು, ಹಾಗಾಗಿ ಈ ಸಾಲನ್ನು ಗುತ್ತಿಗೆಗೆ ಸಹಿ ಹಾಕುವ ಮುನ್ನವೇ ಓದಿರಬೇಕು.

ಪ್ರಶ್ನೆ: ಉಪಕರಣಗಳಿಗೆ 6 ಲಕ್ಷದ ವಿಮೆ ಇತ್ತು. 2 ಲಕ್ಷದ್ದು ಕಳುವಾಯಿತು. 1.2 ಲಕ್ಷ ಮಾತ್ರ ಕೊಟ್ಟರು. ಏಕೆ?

ನಿಮ್ಮ ಎಲ್ಲ ಉಪಕರಣಗಳ ನಿಜ ಬೆಲೆ 10 ಲಕ್ಷ ಎಂದು ಸರ್ವೇಯರ್ (ನಷ್ಟ ಅಳೆಯಲು ವಿಮಾ ಕಂಪನಿ ಕಳಿಸುವವರು) ಲೆಕ್ಕ ಹಾಕಿರಬೇಕು. 10ಕ್ಕೆ 6ರಷ್ಟೇ ವಿಮೆ ಮಾಡಿಸಿದ್ದೀರಿ, ಹಾಗಾಗಿ ಪ್ರತಿ ನಷ್ಟದಲ್ಲೂ 10ಕ್ಕೆ 6 ಪಾಲೇ ಸಿಗುತ್ತದೆ. ಇದಕ್ಕೆ ‘ಸರಾಸರಿ ಷರತ್ತು’ ಎನ್ನುತ್ತಾರೆ. ಇನ್ಸುಲೇಷನ್ ಟೆಸ್ಟರ್, ಥರ್ಮಲ್ ಕ್ಯಾಮೆರಾ ಕೊಂಡಾಗಲೆಲ್ಲ ಮೊತ್ತ ಏರಿಸಿ, ಸೀರಿಯಲ್ ಸಂಖ್ಯೆ ಬರೆದಿಡಿ, ದುಬಾರಿಯವನ್ನು ಹೆಸರಿಸಿ ಸೇರಿಸಿ. ಇಲ್ಲವಾದರೆ ಒಂದು ವಸ್ತುವಿಗೆ ಇಷ್ಟೇ ಎಂಬ ಮಿತಿ ಅಡ್ಡ ಬರುತ್ತದೆ. ವಾಹನದಲ್ಲಿ ರಾತ್ರಿ ಬಿಟ್ಟ ಸಾಮಾನಿಗೆ ರಕ್ಷಣೆ ಇದೆಯೇ, ಒಡೆದು ಒಳನುಗ್ಗಿದ ಗುರುತು ಬೇಕೇ ಎಂಬುದನ್ನೂ ನೋಡಿ.

ಪ್ರಶ್ನೆ: ವೈರಿಂಗ್ ಜೊತೆ ಈಗ ಸೋಲಾರ್ ಪ್ಯಾನೆಲ್, ಫೈರ್ ಅಲಾರಂ ಕೆಲಸವನ್ನೂ ಹಿಡಿದಿದ್ದೇನೆ. ಹಳೆಯ ಪಾಲಿಸಿ ಸಾಕೇ?

ಸಾಲದು. ವಿಮಾ ಕಂಪನಿ ಅಳೆದು ಬೆಲೆ ಕಟ್ಟಿರುವುದು ನೀವು ಅರ್ಜಿಯಲ್ಲಿ ಬರೆದ ಕೆಲಸಕ್ಕೆ. ‘ಮನೆಗಳ ವೈರಿಂಗ್’ ಎಂದು ಬರೆದು ಚಾವಣಿ ಹತ್ತಿದರೆ ಕ್ಲೇಮಿನ ದಿನ ಆ ಎರಡು ಪದವೇ ನಿಮ್ಮ ಎದುರು ನಿಲ್ಲುತ್ತವೆ.

ಸೋಲಾರಿಗೆ ಮೊದಲು ಎತ್ತರದ ಮಿತಿ ನೋಡಿ. ಅನೇಕ ಪಾಲಿಸಿಗಳು ಇಂತಿಷ್ಟು ಮೀಟರ್ ಮೇಲಿನ ಕೆಲಸವನ್ನು ಹೊರಗಿಡುತ್ತವೆ. ಬೋಲ್ಟ್ ಹಾಕಿದ ಜಾಗದಲ್ಲಿ ಸೋರಿದ ನೀರಿನ ಹಾನಿ ಸೇರಿದೆಯೇ ಕೇಳಿ. ತಾಂತ್ರಿಕವಾಗಿ ಹೆಚ್ಚು ಕಾಡುವುದು ಡಿಸಿ ಕನೆಕ್ಟರುಗಳು. ಒಬ್ಬ ತಯಾರಕರ ಪ್ಲಗ್ಗಿಗೆ ಇನ್ನೊಬ್ಬರ ಸಾಕೆಟ್ ಸೇರಿಸಿದರೆ ಕೂರುತ್ತದೆ, ಆದರೆ ಲೋಹದ ಸಂಪರ್ಕ ಸರಿಯಾಗದೆ ಬಿಸಿಯೇರಿ ಆರ್ಕ್ (ಗಾಳಿಯಲ್ಲಿ ಹಾರುವ ವಿದ್ಯುತ್ ಕಿಡಿ) ಹೊಡೆಯುತ್ತದೆ. ಡಿಸಿಯಲ್ಲಿ ಕರೆಂಟ್ ಸೊನ್ನೆಗೆ ಬಂದು ಹೋಗುವುದಿಲ್ಲವಾದ್ದರಿಂದ ಆ ಆರ್ಕ್ ತಾನಾಗಿ ನಂದುವುದು ಕಷ್ಟ. ಎರಡೂ ತುದಿ ಒಂದೇ ತಯಾರಕರದ್ದಿರಲಿ, ಬಿಲ್ಲಿನಲ್ಲೂ ಅದು ಕಾಣಲಿ.

ಫೈರ್ ಅಲಾರಮ್ಮಿನದು ಬೇರೆಯೇ ತೊಡಕು. ‘ಉಪಕರಣ ತನ್ನ ಉದ್ದೇಶಿತ ಕೆಲಸ ಮಾಡದೆ ಹೋದದ್ದರಿಂದ ಆದ ನಷ್ಟ’ವನ್ನು ಹೊರಗಿಡುವ ಷರತ್ತು ಹೊಣೆಗಾರಿಕೆ ಪಾಲಿಸಿಗಳಲ್ಲಿ ಸಾಮಾನ್ಯ. ಅಲಾರಂ ಬಾಕ್ಸ್ ಕಳಚಿ ಯಾರದೋ ತಲೆ ಮೇಲೆ ಬಿದ್ದರೆ ಕೊಡುತ್ತಾರೆ. ಬೆಂಕಿ ಬಿದ್ದಾಗ ಅಲಾರಂ ಕೂಗದೆ ಕಟ್ಟಡ ಸುಟ್ಟರೆ ಕೊಡುವುದಿಲ್ಲ. ಈ ಷರತ್ತು ತೆಗೆಸದೆ ಅಲಾರಂ, ತುರ್ತು ದೀಪಗಳ ಕೆಲಸ ಹಿಡಿಯಬೇಡಿ.

ಲೋಡ್ ಲೆಕ್ಕ, ಕೇಬಲ್ ಸೈಜು, ನಕ್ಷೆ ನೀವೇ ಮಾಡಿಕೊಡುತ್ತಿದ್ದರೆ ವೃತ್ತಿಪರ ಹೊಣೆಗಾರಿಕೆ ವಿಮೆಯೂ ಬೇಕು. ಕೇಬಲ್ ಸಣ್ಣದಾಗಿ ದೂರದ ಮೋಟಾರಿಗೆ ವೋಲ್ಟೇಜ್ ಸಾಲದೆ ಹೋದರೆ ಏನೂ ಸುಟ್ಟಿರುವುದಿಲ್ಲ, ಯಾರಿಗೂ ಗಾಯವಾಗಿರುವುದಿಲ್ಲ. ಮಾಲೀಕರಿಗೆ ಹಣ ಮಾತ್ರ ನಷ್ಟ. ಸಾರ್ವಜನಿಕ ಹೊಣೆಗಾರಿಕೆ ವಿಮೆ ಅಂಥ ನಷ್ಟವನ್ನು ಮುಟ್ಟುವುದೇ ಇಲ್ಲ.

ಪ್ರಶ್ನೆ: ಹೀಟ್ ಶ್ರಿಂಕ್ ಜಾಯಿಂಟಿಗೆ (ಕಾಯಿಸಿದರೆ ಕುಗ್ಗುವ ಕವಚ ಹಾಕಿದ ಕೇಬಲ್ ಜೋಡಣೆ) ಬ್ಲೋ ಲ್ಯಾಂಪ್ ಬಳಸುತ್ತೇವೆ. ಇದಕ್ಕೂ ‘ಹಾಟ್ ವರ್ಕ್’ ಷರತ್ತು ಅನ್ವಯವೇ?

ಖಂಡಿತ. ಜ್ವಾಲೆ, ಕಿಡಿ ಹೊಮ್ಮಿಸುವ ಕೆಲಸವೆಲ್ಲ ‘ಹಾಟ್ ವರ್ಕ್’. ವೆಲ್ಡಿಂಗ್, ಸೋಲ್ಡರಿಂಗ್ ಟಾರ್ಚ್, ಕಿಡಿ ಹಾರಿಸುವ ಆಂಗಲ್ ಗ್ರೈಂಡರ್ ಎಲ್ಲಕ್ಕೂ ಅನ್ವಯ. ಅಮೆರಿಕದ ಅಗ್ನಿಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ 51ಬಿ ಮಾನದಂಡ ಸುತ್ತಲೂ 11 ಮೀಟರ್ ದೂರದೊಳಗೆ ಸುಡುವ ವಸ್ತು ತೆಗೆಯಿರಿ ಅಥವಾ ಮುಚ್ಚಿ ಎನ್ನುತ್ತದೆ. ಕೆಲಸ ಮುಗಿದ ಮೇಲೆ ಕಾವಲಿರಬೇಕಾದ ಹೊತ್ತು ಅದರಲ್ಲಿ ಮೊದಲು 30 ನಿಮಿಷವಿತ್ತು, 2019ರ ಆವೃತ್ತಿಯಲ್ಲಿ 60 ನಿಮಿಷವಾಯಿತು. ಒಳಗೊಳಗೇ ಹೊಗೆಯಾಡುವ ಬೆಂಕಿ ತಡವಾಗಿ ಹೊತ್ತುವುದೇ ಕಾರಣ. ನಿಮ್ಮ ಪಾಲಿಸಿಯಲ್ಲಿ ಎಷ್ಟಿದೆಯೋ ಅಷ್ಟನ್ನು ಪಾಲಿಸಿ, ಕಾವಲಿದ್ದವರ ಹೆಸರು ಮತ್ತು ಸಮಯ ಬರೆದಿಡಿ. ಅನೇಕ ಪಾಲಿಸಿಗಳಲ್ಲಿ ಇದು ಸಲಹೆಯಲ್ಲ, ಮುರಿದರೆ ಕ್ಲೇಮೇ ಇಲ್ಲ ಎನ್ನುವ ಷರತ್ತು.

ಪ್ರಶ್ನೆ: ದೊಡ್ಡ ಬಿಲ್ಡರ್ ಒಬ್ಬರು ಕೊಟ್ಟ ಕರಾರಿನಲ್ಲಿ ‘ಯಾವುದೇ ನಷ್ಟಕ್ಕೆ ಗುತ್ತಿಗೆದಾರನೇ ಹೊಣೆ’ ಎಂದಿದೆ. ವಿಮೆ ಇದೆಯಲ್ಲ ಎಂದು ಸಹಿ ಹಾಕಬಹುದೇ?

ಹಾಕಬೇಡಿ. ಕಾನೂನಿನಂತೆ ನಿಮ್ಮ ಮೇಲೆ ಬರುವ ಹೊಣೆಗೆ ವಿಮೆ ಇದೆ. ಕರಾರಿನಲ್ಲಿ ನೀವಾಗಿ ಮೈಮೇಲೆ ಎಳೆದುಕೊಂಡ ಹೊಣೆಯನ್ನು ಬಹುತೇಕ ಪಾಲಿಸಿಗಳು ಹೊರಗಿಡುತ್ತವೆ. ‘ಗುತ್ತಿಗೆದಾರನ ನಿರ್ಲಕ್ಷ್ಯದಿಂದ ಆದ ಮಟ್ಟಿಗೆ’ ಎಂಬ ಮಾತು ಸೇರಿಸಲು ಕೇಳಿ. ತಡವಾದರೆ ದಿನಕ್ಕಿಷ್ಟು ದಂಡ ಎಂಬುದೂ ವಿಮೆಯ ಹೊರಗೇ. ಬಿಲ್ಡರ್ ಹೆಸರನ್ನು ಪಾಲಿಸಿಯಲ್ಲಿ ಸೇರಿಸಿ, ಅವರ ವಿರುದ್ಧ ವಸೂಲಿ ಹಕ್ಕು ಬಿಟ್ಟುಕೊಡಿ ಎಂದಿದ್ದರೆ ಸಹಿಗೆ ಮುಂಚೆ ಕಂಪನಿಯ ಒಪ್ಪಿಗೆ ಲಿಖಿತವಾಗಿ ಪಡೆಯಿರಿ. ಕಂಪನಿಗೆ ಹೇಳದೆ ಆ ಹಕ್ಕು ಬಿಟ್ಟರೆ ನಿಮ್ಮ ಕ್ಲೇಮಿಗೇ ಕುತ್ತು.

ಪ್ರಶ್ನೆ: ನಾವು ವೈರಿಂಗ್ ಮಾಡಿದ ಗೋದಾಮಿನಲ್ಲಿ ಬೆಂಕಿ ಬಿದ್ದಿದೆ ಎಂದು ಈಗ ಫೋನ್ ಬಂದಿದೆ. ಏನು ಮಾಡಬೇಕು, ಏನು ಮಾಡಬಾರದು?

ಮೊದಲು ವಿಮಾ ಕಂಪನಿಗೆ ಅದೇ ದಿನ ಬರಹದಲ್ಲಿ ತಿಳಿಸಿ. ತಪ್ಪು ಯಾರದೆಂದು ಗೊತ್ತಾಗುವವರೆಗೆ ಕಾಯಬೇಡಿ.

ಸ್ಥಳಕ್ಕೆ ಹೋಗಿ, ಮಾಲೀಕರ ಕಷ್ಟಕ್ಕೆ ಸ್ಪಂದಿಸಿ. ಆದರೆ ‘ನಮ್ಮಿಂದಲೇ ಆಯಿತು’, ‘ಖರ್ಚು ಕೊಡುತ್ತೇನೆ’ ಎಂದು ಬಾಯಿಮಾತಲ್ಲೂ ಮೆಸೇಜಿನಲ್ಲೂ ಹೇಳಬೇಡಿ. ಕಂಪನಿಯ ಒಪ್ಪಿಗೆ ಇಲ್ಲದೆ ಹೊಣೆ ಒಪ್ಪಿಕೊಂಡರೆ ಅದು ಷರತ್ತು ಮುರಿದಂತೆ.

ಸುಟ್ಟ ಪ್ಯಾನೆಲ್ಲನ್ನು ಮುಟ್ಟಬೇಡಿ, ಬಿಚ್ಚಬೇಡಿ, ಹೊಸದು ಹಾಕುವ ಆತುರದಲ್ಲಿ ಗುಜರಿಗೆ ಕಳಿಸಲು ಬಿಡಬೇಡಿ. ನಿಮ್ಮನ್ನು ಉಳಿಸುವ ಸಾಕ್ಷಿ ಅದರಲ್ಲೇ ಇರಬಹುದು. ತಾಮ್ರ ಕರಗುವುದು 1085 ಡಿಗ್ರಿಯಲ್ಲಿ, ಅಲ್ಯೂಮಿನಿಯಂ 660ರಲ್ಲಿ. ತಂತಿಯ ತುದಿಯಲ್ಲಿ ಮಾತ್ರ ಗುಂಡಗಿನ ತಾಮ್ರದ ಮಣಿ ಕಟ್ಟಿ, ಪಕ್ಕದ ಭಾಗ ಕರಗದೆ ಉಳಿದಿದ್ದರೆ ಅಲ್ಲಿ ಆರ್ಕ್ ಆಗಿದೆ ಎಂದು ತಜ್ಞರು ಓದುತ್ತಾರೆ. ಆ ಆರ್ಕ್ ಬೆಂಕಿಗೆ ಕಾರಣವೋ, ಹೊರಗಿನ ಬೆಂಕಿಗೆ ಇನ್ಸುಲೇಷನ್ ಸುಟ್ಟ ಮೇಲೆ ಆದದ್ದೋ ಎಂದು ಬೇರ್ಪಡಿಸಲು ಅವರಿಗೆ ಇಡೀ ಪ್ಯಾನೆಲ್ ಇದ್ದಂತೆಯೇ ಬೇಕು. ಕವರ್ ತೆಗೆಯುವ ಮುನ್ನ, ತೆಗೆದ ಮೇಲೆ, ಬ್ರೇಕರ್ ಹಿಡಿಗಳ ಸ್ಥಾನ ಕಾಣುವಂತೆ ಫೋಟೋ ಆಗಲಿ. ಅದನ್ನು ಸರ್ವೇಯರ್ ಎದುರಲ್ಲೇ ಮಾಡಿ.

ಆಮೇಲೆ ನಿಮ್ಮ ಕಡತ ತೆಗೆಯಿರಿ. ಕರಾರು, ನಕ್ಷೆ, ಒಪ್ಪಿಸಿದ ದಿನದ ಸಹಿ, ಪರೀಕ್ಷಾ ಶೀಟು. ಅಂತರರಾಷ್ಟ್ರೀಯ ವೈರಿಂಗ್ ಮಾನದಂಡ ಐಇಸಿ 60364ರ ಪ್ರಕಾರ 500 ವೋಲ್ಟಿನವರೆಗಿನ ಸಾಮಾನ್ಯ ಸರ್ಕ್ಯೂಟಿಗೆ 500 ವೋಲ್ಟ್ ಡಿಸಿಯಲ್ಲಿ ಇನ್ಸುಲೇಷನ್ ಕನಿಷ್ಠ 1 ಮೆಗಾಓಮ್ ಇರಬೇಕು. ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ ಸಾಮಾನ್ಯ ಆರ್‌ಸಿಸಿಬಿ ಅಷ್ಟೇ ಸೋರಿಕೆಗೆ 300 ಮಿಲಿಸೆಕೆಂಡಿನೊಳಗೆ ಟ್ರಿಪ್ ಆಗಬೇಕು. ಶೀಟಿನಲ್ಲಿ ಬರೀ ‘ಓಕೆ’ ಎಂದಿದ್ದರೆ ಅದಕ್ಕೆ ಬೆಲೆಯಿಲ್ಲ. ಪ್ರತಿ ಸರ್ಕ್ಯೂಟಿನ ಮುಂದೆ ಓದಿದ ಅಂಕಿ, ಟೆಸ್ಟರಿನ ಸೀರಿಯಲ್ ಸಂಖ್ಯೆ, ಅದರ ಕ್ಯಾಲಿಬ್ರೇಷನ್ ದಿನಾಂಕ ಇರಬೇಕು. ನೀವು ಒಪ್ಪಿಸಿದ ಮೇಲೆ ಬೇರೆಯವರು ಹೊಸ ಲೋಡ್ ಸೇರಿಸಿದ್ದಾರೆಯೇ ಎಂದೂ ನೋಡಿ. ನೀವು ಕೆಲಸ ಒಪ್ಪಿಸಿದ ದಿನದ ಫೋಟೋದಲ್ಲಿ 12 ವೇ (12 ಬ್ರೇಕರಿಗೆ ಜಾಗವಿರುವ) ಡಿಬಿಯಲ್ಲಿ 8 ಬ್ರೇಕರ್ ಇದ್ದು ಈಗ 11 ಇದ್ದರೆ, ಆ ಫೋಟೋವನ್ನೂ ಪರೀಕ್ಷಾ ಶೀಟನ್ನೂ ಸರ್ವೇಯರಿಗೆ ಮೊದಲ ಭೇಟಿಯಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ಮೂಲಪ್ರತಿ ನಿಮ್ಮಲ್ಲೇ ಇರಲಿ.